ಶೇರ್ಡ್ ಸ್ಟೋರೇಜ್‌ನ ನೆಟ್‌ವರ್ಕನ್ನು ಕೆಟ್ಟ ಗಳಿಗೆಗೆ ಅಳೆದು ಕಟ್ಟುವುದು

ಪ್ರಶ್ನೆ: ನಮ್ಮ ಡೇಟಾ ಸೆಂಟರ್‌ನಲ್ಲಿ ನಾಲ್ಕು ರ‍್ಯಾಕ್‌ಗಳಿವೆ, ಅವುಗಳಲ್ಲಿ ಸುಮಾರು 120 ಸರ್ವರ್‌ಗಳಿವೆ. ಅವುಗಳ ಮೇಲೆ ಓಡುವ ವರ್ಚುವಲ್ ಮಷೀನ್‌ಗಳ ಡಿಸ್ಕ್‌ಗಳೆಲ್ಲ ಅದೇ ರ‍್ಯಾಕ್‌ಗಳಲ್ಲಿರುವ 20 ಸ್ಟೋರೇಜ್ ಸರ್ವರ್‌ಗಳ ಒಂದು ಕ್ಲಸ್ಟರ್‌ನಲ್ಲಿವೆ. ಪ್ರತಿಯೊಂದು ದತ್ತಾಂಶಕ್ಕೂ ಮೂರು ಪ್ರತಿಗಳಿವೆ. ಸರ್ವರ್‌ಗಳಿಗೆ 10 ಗಿಗಾಬಿಟ್ ಈಥರ್‌ನೆಟ್ ಇದೆ, ಮಧ್ಯದಲ್ಲಿ ಎರಡು ದೊಡ್ಡ ಸ್ವಿಚ್‌ಗಳಿವೆ. ಮಾನಿಟರಿಂಗ್‌ನಲ್ಲಿ ಲಿಂಕ್‌ಗಳ ಬಳಕೆ ಶೇ. 30 ದಾಟಿದ್ದನ್ನು ನಾವು ನೋಡಿಲ್ಲ. ಆದರೂ ಆಗಾಗ ಡೇಟಾಬೇಸ್‌ಗಳ ರೈಟ್‌ಗಳು ಅರ್ಧ ಸೆಕೆಂಡಿನಷ್ಟು ನಿಂತುಬಿಡುತ್ತವೆ. ಒಂದು ಸ್ಟೋರೇಜ್ ಸರ್ವರ್ ಕೆಟ್ಟ ದಿನವಂತೂ ಇಡೀ ವ್ಯವಸ್ಥೆ ತೆವಳಿತು. ಎರಡು ವರ್ಷಗಳಲ್ಲಿ ನಾವು ನಾಲ್ಕು ಪಟ್ಟು ಬೆಳೆಯಬೇಕಿದೆ. ಸ್ಟೋರೇಜ್ ಸರ್ವರ್‌ಗಳನ್ನು 100 ಗಿಗಾಬಿಟ್‌ಗೆ ಏರಿಸಿದರೆ ಸಾಕೇ? ಅಥವಾ ಸ್ಟೋರೇಜ್‌ಗೆಂದೇ ಇರುವ ಫೈಬರ್ ಚಾನೆಲ್ ನೆಟ್‌ವರ್ಕ್‌ಗೋ, ಸರ್ವರ್‌ಗಳ ಮೆಮೊರಿಗಳ ನಡುವೆ ನೇರವಾಗಿ ದತ್ತಾಂಶ ಸಾಗಿಸುವ ಆರ್‌ಡಿಎಂಎಗೋ ಹೋಗಬೇಕೇ?

ಉತ್ತರ: ಸ್ಟೋರೇಜ್ ಸರ್ವರ್‌ಗಳನ್ನು ಮಾತ್ರ 100 ಗಿಗಾಬಿಟ್‌ಗೆ ಏರಿಸಿ, ಅವುಗಳಿಂದ ಓದುವ ಸರ್ವರ್‌ಗಳನ್ನು 10 ಗಿಗಾಬಿಟ್‌ನಲ್ಲೇ ಬಿಟ್ಟರೆ ನಿಮ್ಮ ಈಗಿನ ತೊಂದರೆ ಹೆಚ್ಚುವ ಸಾಧ್ಯತೆಯೇ ಬಹಳ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಖರೀದಿಯ ಆದೇಶ ಹೊರಡುವ ಮುನ್ನ ನಿಮಗೆ ತಿಳಿಯಬೇಕಾದ ಮಾತು ಇದು. ಕಾರಣವನ್ನು ವಿವರಿಸಲು ನಿಮ್ಮ ಶೇ. 30ರ ಅಂಕಿಯಿಂದಲೇ ಆರಂಭಿಸಬೇಕು.

ಮಾನಿಟರಿಂಗ್ ವ್ಯವಸ್ಥೆಗಳು ಸಾಮಾನ್ಯವಾಗಿ ಸ್ವಿಚ್‌ನ ಕೌಂಟರ್‌ಗಳನ್ನು ಐದು ನಿಮಿಷಕ್ಕೊಮ್ಮೆ ಓದಿ ಸರಾಸರಿ ತೆಗೆಯುತ್ತವೆ. ಐದು ನಿಮಿಷಗಳಲ್ಲಿ 90 ಸೆಕೆಂಡ್ ಸಂಪೂರ್ಣ ತುಂಬಿಕೊಂಡು, ಉಳಿದ 210 ಸೆಕೆಂಡ್ ಸಂಪೂರ್ಣ ಖಾಲಿಯಿದ್ದ ಲಿಂಕ್ ಕೂಡ ಆ ನಕ್ಷೆಯಲ್ಲಿ ಶೇ. 30 ಎಂದೇ ಕಾಣಿಸುತ್ತದೆ. ಸ್ಟೋರೇಜ್ ಟ್ರಾಫಿಕ್‌ನ ಸ್ವಭಾವ ಹೀಗೆಯೇ ಇರುತ್ತದೆ: ಕೆಲವು ಮಿಲಿಸೆಕೆಂಡ್‌ಗಳ ಕಾಲ ನುಗ್ಗಿ ಬರುತ್ತದೆ, ಮತ್ತೆ ಸುಮ್ಮನಾಗುತ್ತದೆ. ಆದ್ದರಿಂದ ಬಳಕೆಯ ಶೇಕಡಾವಾರು ನಕ್ಷೆಯನ್ನು ಸದ್ಯಕ್ಕೆ ಬದಿಗಿಟ್ಟು, ಪ್ರತಿ ಸ್ವಿಚ್ ಪೋರ್ಟ್‌ನಲ್ಲಿ ಹೊರಹೋಗುವ ದಿಕ್ಕಿನಲ್ಲಿ ಬಿದ್ದುಹೋದ ಪ್ಯಾಕೆಟ್‌ಗಳ ಲೆಕ್ಕವನ್ನೂ ಸರ್ವರ್‌ಗಳಲ್ಲಿ ಟಿಸಿಪಿ (ಕಳೆದುಹೋದದ್ದನ್ನು ಮತ್ತೆ ಕಳುಹಿಸಿ ದತ್ತಾಂಶವನ್ನು ತಲುಪಿಸುವ ಪ್ರೊಟೊಕಾಲ್) ಮರುಕಳುಹಿಸಿದ ಸೆಗ್ಮೆಂಟ್‌ಗಳ ಲೆಕ್ಕವನ್ನೂ ತೆಗೆಯಿರಿ. ಅರ್ಧ ಸೆಕೆಂಡ್ ಎಂಬ ನಿಮ್ಮ ವಿವರಣೆಯೇ ನನಗೆ ಸಾಕಷ್ಟು ಹೇಳುತ್ತಿದೆ. ಲಿನಕ್ಸ್‌ನಲ್ಲಿ ಟಿಸಿಪಿ ಮರುಕಳುಹಿಸುವ ಮುನ್ನ ಕಾಯುವ ಕನಿಷ್ಠ ಅವಧಿ 200 ಮಿಲಿಸೆಕೆಂಡ್. ಮೊದಲ ಬಾರಿ ಮರುಕಳುಹಿಸಿದ್ದೂ ಕಳೆದುಹೋದರೆ ಎರಡನೆಯ ಬಾರಿ 400 ಮಿಲಿಸೆಕೆಂಡ್ ಕಾಯುತ್ತದೆ. ನೆಟ್‌ವರ್ಕ್‌ನಲ್ಲಿ ಹೋಗಿಬರಲು 100 ಮೈಕ್ರೊಸೆಕೆಂಡ್ ಕೂಡ ಬೇಡದ ಕಡೆ, ಒಂದು ಪ್ಯಾಕೆಟ್ ಬಿದ್ದ ತಪ್ಪಿಗೆ ಡೇಟಾಬೇಸ್ ಅದರ ಎರಡು ಸಾವಿರ ಪಟ್ಟು ಕಾಲ ಕಾಯುತ್ತದೆ.

ಪ್ಯಾಕೆಟ್ ಎಲ್ಲಿ ಬೀಳುತ್ತದೆ ಎಂಬುದನ್ನು ಒಂದು ಸಣ್ಣ ಲೆಕ್ಕದಿಂದ ನೋಡಬಹುದು. ಒಂದು ವರ್ಚುವಲ್ ಮಷೀನ್ ದೊಡ್ಡ ರೀಡ್ ಕೇಳಿದಾಗ ಆ ದತ್ತಾಂಶ ಇಪ್ಪತ್ತೂ ಸ್ಟೋರೇಜ್ ಸರ್ವರ್‌ಗಳಲ್ಲಿ ಹಂಚಿಹೋಗಿರುತ್ತದೆ. ಇಪ್ಪತ್ತೂ ಸರ್ವರ್‌ಗಳು ತಲಾ 64 ಕಿಲೋಬೈಟ್‌ನಂತೆ ಒಂದೇ ಗಳಿಗೆಯಲ್ಲಿ ಉತ್ತರ ಕಳುಹಿಸಿದರೆ ಸುಮಾರು 1.28 ಮೆಗಾಬೈಟ್ ಒಂದೇ ಪೋರ್ಟ್‌ನತ್ತ ಧಾವಿಸುತ್ತದೆ. 10 ಗಿಗಾಬಿಟ್ ಪೋರ್ಟ್ ಅದನ್ನು ಹೊರಗೆ ಸಾಗಿಸಲು ಒಂದು ಮಿಲಿಸೆಕೆಂಡ್‌ಗಿಂತ ತುಸು ಹೆಚ್ಚು ಬೇಕು. ಆ ಮಿಲಿಸೆಕೆಂಡಿನಲ್ಲಿ ಉಳಿದದ್ದೆಲ್ಲ ಸ್ವಿಚ್‌ನ ಬಫರ್‌ನಲ್ಲಿ, ಅಂದರೆ ಅದರ ತಾತ್ಕಾಲಿಕ ಮೆಮೊರಿಯಲ್ಲಿ, ಕಾಯಬೇಕು. 48 ಪೋರ್ಟ್‌ಗಳ ಸ್ವಿಚ್‌ಗೆ 12 ಮೆಗಾಬೈಟ್ ಬಫರ್ ಇದ್ದರೆ ಸಮಪಾಲಿನಲ್ಲಿ ಒಂದು ಪೋರ್ಟ್‌ಗೆ ಸಿಗುವುದು 250 ಕಿಲೋಬೈಟ್. ಬೇರೆ ಪೋರ್ಟ್‌ಗಳು ಸುಮ್ಮನಿದ್ದರೆ ಹಂಚಿಕೆಯ ಬಫರ್‌ನಿಂದ ಹೆಚ್ಚು ಪಾಲು ಸಿಗುತ್ತದೆ ನಿಜ, ಆದರೆ ಇಂಥ ರೀಡ್‌ಗಳು ಮೂರು ನಾಲ್ಕು ಪೋರ್ಟ್‌ಗಳಲ್ಲಿ ಒಮ್ಮೆಲೇ ನಡೆದ ಗಳಿಗೆಯಲ್ಲಿ ಪ್ಯಾಕೆಟ್‌ಗಳು ಬೀಳಲೇಬೇಕು. ಇದಕ್ಕೆ ಇನ್‌ಕಾಸ್ಟ್ ಎಂದು ಹೆಸರು, ಮತ್ತು ಇದು ಮೊದಲು ಗಮನಕ್ಕೆ ಬಂದದ್ದೇ ಸ್ಟೋರೇಜ್ ಕ್ಲಸ್ಟರ್‌ಗಳಲ್ಲಿ. ಈಗ ಕಳುಹಿಸುವವರ ವೇಗವನ್ನು ಹತ್ತು ಪಟ್ಟು ಮಾಡಿ, ಪಡೆಯುವವರ ವೇಗವನ್ನು ಹಾಗೆಯೇ ಬಿಟ್ಟರೆ ಏನಾಗುತ್ತದೆ ಎಂದು ಯೋಚಿಸಿ: ಅದೇ 1.28 ಮೆಗಾಬೈಟ್ ಇನ್ನೂ ಕಡಿಮೆ ಸಮಯದಲ್ಲಿ ಬಂದು ಬಡಿಯುತ್ತದೆ, ಬಫರ್ ಖಾಲಿಯಾಗುವ ವೇಗ ಮಾತ್ರ ಬದಲಾಗಿರುವುದಿಲ್ಲ.

ದೊಡ್ಡ ಸ್ವಿಚ್ ಕೊಂಡರೆ ಬಫರ್ ಕೂಡ ದೊಡ್ಡದಾಗಿರುತ್ತದೆ ಎಂದು ಹಲವರು ನಂಬುತ್ತಾರೆ. ಸೆಕೆಂಡಿಗೆ 12.8 ಟೆರಾಬಿಟ್ ಸಾಗಿಸಬಲ್ಲ ಸ್ವಿಚ್ ಚಿಪ್ ಒಂದರಲ್ಲಿ 64 ಮೆಗಾಬೈಟ್ ಬಫರ್ ಇದೆ ಎಂದಾದರೆ, ಎಲ್ಲ ಪೋರ್ಟ್‌ಗಳೂ ತುಂಬಿದಾಗ ಅದು ಹಿಡಿದಿಡಬಲ್ಲದ್ದು ಸುಮಾರು 40 ಮೈಕ್ರೊಸೆಕೆಂಡಿನ ಟ್ರಾಫಿಕ್ ಮಾತ್ರ. ಪೋರ್ಟ್‌ಗಳ ವೇಗ ಬೆಳೆದಷ್ಟು ವೇಗವಾಗಿ ಚಿಪ್‌ನೊಳಗಿನ ಮೆಮೊರಿ ಬೆಳೆದಿಲ್ಲ. ಬಫರ್‌ನ ಮೇಲೆ ಭಾರ ಹಾಕದೆ, ದಟ್ಟಣೆ ಉಂಟಾಗುವ ಮೊದಲೇ ಕಳುಹಿಸುವವರಿಗೆ ಸೂಚನೆ ಮುಟ್ಟಿಸುವ ವಿಧಾನ ಬೇಕು. ಅದರ ಮಾತಿಗೆ ಮುಂದೆ ಬರುತ್ತೇನೆ.

ಒಂದು ನಿಧಾನವಾದ ಉತ್ತರ ಇಡೀ ವ್ಯವಸ್ಥೆಯನ್ನು ಹೇಗೆ ಕಾಡುತ್ತದೆ ಎಂಬುದಕ್ಕೂ ಸರಳವಾದ ಗಣಿತವಿದೆ. ನೂರು ವಿನಂತಿಗಳಲ್ಲಿ ಒಂದು ಮಾತ್ರ ತಡವಾಗುವ ಸರ್ವರ್ ಒಳ್ಳೆಯ ಸರ್ವರ್ ಎಂದೇ ನಮಗೆ ಅನ್ನಿಸುತ್ತದೆ. ಆದರೆ ಒಂದು ಕೆಲಸ ಮುಗಿಯಲು ಅಂಥ ನೂರು ಸರ್ವರ್‌ಗಳ ಉತ್ತರವೂ ಬರಬೇಕಿದ್ದರೆ, ಅವುಗಳಲ್ಲಿ ಒಂದಾದರೂ ತಡವಾಗುವ ಸಂಭವ ಶೇ. 63. ಶೇರ್ಡ್ ಸ್ಟೋರೇಜ್‌ನಲ್ಲಿ ಪ್ರತಿ ರೈಟ್ ಕೂಡ ಮೂರು ಪ್ರತಿಗಳಲ್ಲಿ ಅತಿ ನಿಧಾನವಾದದ್ದಕ್ಕೆ ಕಾಯುತ್ತದೆ. ಹಾಗಾಗಿ ನೀವು ಅಳೆಯಬೇಕಾದದ್ದು ಸರಾಸರಿ ಲೇಟೆನ್ಸಿಯಲ್ಲ (ಉತ್ತರ ಬರಲು ಹಿಡಿಯುವ ಸಮಯ); ನೂರರಲ್ಲಿ, ಸಾವಿರದಲ್ಲಿ ಅತಿ ತಡವಾದ ಒಂದರ ಲೇಟೆನ್ಸಿ.

ಇನ್ನು ಟ್ರಾಫಿಕ್‌ನ ಪ್ರಮಾಣ. ಅಪ್ಲಿಕೇಶನ್ ಬರೆದದ್ದು ಒಂದು ಗಿಗಾಬೈಟ್ ಆದರೆ ನೆಟ್‌ವರ್ಕ್‌ನಲ್ಲಿ ಸಾಗುವುದು ಮೂರು: ಮುಖ್ಯ ಪ್ರತಿಯ ಸರ್ವರ್‌ಗೆ ಒಂದು, ಅಲ್ಲಿಂದ ಉಳಿದ ಎರಡು ಸರ್ವರ್‌ಗಳಿಗೆ ತಲಾ ಒಂದು. ನಿಮ್ಮ 20 ಸರ್ವರ್‌ಗಳಿಗೆ ತಲಾ ಒಂದು 10 ಗಿಗಾಬಿಟ್ ಲಿಂಕ್ ಇದೆ ಎಂದುಕೊಂಡರೆ ಒಟ್ಟು ಒಳಹರಿವು ಸೆಕೆಂಡಿಗೆ 25 ಗಿಗಾಬೈಟ್. ರೈಟ್‌ಗಳಿಗೆ ಅದರಲ್ಲಿ ನಿಜವಾಗಿ ದಕ್ಕುವುದು ಎಂಟಕ್ಕಿಂತ ತುಸು ಹೆಚ್ಚು. ಜೊತೆಗೆ, ರ‍್ಯಾಕ್ ಒಂದರ ವಿದ್ಯುತ್ ಹೋದರೂ ದತ್ತಾಂಶ ಉಳಿಯಬೇಕೆಂದು ಮೂರು ಪ್ರತಿಗಳನ್ನು ಮೂರು ಬೇರೆ ರ‍್ಯಾಕ್‌ಗಳಲ್ಲಿ ಇಡುತ್ತೇವೆ, ಇಡಲೇಬೇಕು. ಆ ಸುರಕ್ಷತೆಯ ನಿಯಮದಿಂದಾಗಿಯೇ ಪ್ರತಿಗಳ ಟ್ರಾಫಿಕ್ ಎಂದೂ ರ‍್ಯಾಕ್‌ನೊಳಗೆ ಉಳಿಯುವುದಿಲ್ಲ, ಪ್ರತಿ ಬಾರಿಯೂ ಮಧ್ಯದ ಸ್ವಿಚ್‌ಗಳನ್ನು ದಾಟುತ್ತದೆ. ವೆಬ್ ಸರ್ವರ್‌ಗಳ ರ‍್ಯಾಕ್‌ನಲ್ಲಿ ಸರ್ವರ್‌ಗಳತ್ತ ಇರುವ ಕೆಳಗಿನ ಬ್ಯಾಂಡ್‌ವಿಡ್ತ್ ಮಧ್ಯದ ಸ್ವಿಚ್‌ಗಳತ್ತ ಹೋಗುವ ಮೇಲಿನದ್ದಕ್ಕಿಂತ ನಾಲ್ಕು ಪಟ್ಟು ಇದ್ದರೂ ನಡೆದುಹೋಗುತ್ತದೆ. ಸ್ಟೋರೇಜ್ ಇರುವ ರ‍್ಯಾಕ್‌ಗಳಲ್ಲಿ ಈ ಓವರ್‌ಸಬ್‌ಸ್ಕ್ರಿಪ್ಶನ್ ಎರಡಕ್ಕೆ ಒಂದರ ಆಸುಪಾಸಿನಲ್ಲೇ ನಿಲ್ಲಬೇಕು, ಬೆಳೆಯುತ್ತ ಹೋದಂತೆ ಒಂದಕ್ಕೊಂದರ ಕಡೆಗೆ ಸಾಗುವ ದಾರಿ ತೆರೆದಿರಬೇಕು ಎಂಬುದು ನನ್ನ ಅಭಿಪ್ರಾಯ.

ನಿಮ್ಮ ವ್ಯವಸ್ಥೆ ತೆವಳಿದ ಆ ದಿನದ ಲೆಕ್ಕವನ್ನು ಈಗ ನೋಡೋಣ. ಒಂದು ಸ್ಟೋರೇಜ್ ಸರ್ವರ್‌ನಲ್ಲಿ 7.68 ಟೆರಾಬೈಟ್‌ನ 24 ಡ್ರೈವ್‌ಗಳಿದ್ದು ಅವು ಶೇ. 60ರಷ್ಟು ತುಂಬಿದ್ದರೆ, ಆ ಸರ್ವರ್ ಕೆಟ್ಟಾಗ ಸುಮಾರು 110 ಟೆರಾಬೈಟ್‌ನ ಮೂರನೆಯ ಪ್ರತಿಯನ್ನು ಬೇರೆಡೆ ಹೊಸದಾಗಿ ಕಟ್ಟಬೇಕು. ಉಳಿದ 19 ಸರ್ವರ್‌ಗಳಿಗೆ ಹಂಚಿದರೆ ತಲಾ 5.8 ಟೆರಾಬೈಟ್. ಹತ್ತೂ ಗಿಗಾಬಿಟ್ಟನ್ನು ಈ ಕೆಲಸಕ್ಕೇ ಬಿಟ್ಟರೆ ಒಂದೂಕಾಲು ಗಂಟೆಯಲ್ಲಿ ಮುಗಿಯುತ್ತದೆ, ಆದರೆ ಆ ಹೊತ್ತಿನಲ್ಲಿ ಬಳಕೆದಾರರಿಗೆ ಏನೂ ಉಳಿಯುವುದಿಲ್ಲ. 3 ಗಿಗಾಬಿಟ್‌ಗೆ ಮಿತಿ ಹಾಕಿದರೆ ನಾಲ್ಕು ಗಂಟೆಗೂ ಮೇಲೆ ಹಿಡಿಯುತ್ತದೆ, ಮತ್ತು ಅಷ್ಟೂ ಹೊತ್ತು ಆ ದತ್ತಾಂಶ ಎರಡೇ ಪ್ರತಿಗಳ ಮೇಲೆ ನಿಂತಿರುತ್ತದೆ. ಜಾಗ ಉಳಿಸಲೆಂದು ಮುಂದೆ ನೀವು, ಪೂರ್ತಿ ಪ್ರತಿಗಳ ಬದಲು ದತ್ತಾಂಶದ ತುಂಡುಗಳನ್ನೂ ಕಳೆದದ್ದನ್ನು ಲೆಕ್ಕಹಾಕಿ ಮರಳಿ ಪಡೆಯಲು ಪ್ಯಾರಿಟಿ ತುಂಡುಗಳನ್ನೂ ಇಡುವ ಎರೇಶರ್ ಕೋಡಿಂಗ್‌ಗೆ ಹೋಗುವುದಾದರೆ ಈ ಲೆಕ್ಕವನ್ನು ಮತ್ತೆ ಮಾಡಿ: ಎಂಟು ದತ್ತಾಂಶ ತುಂಡುಗಳು, ಮೂರು ಪ್ಯಾರಿಟಿ ತುಂಡುಗಳು ಎಂಬ ಏರ್ಪಾಡಿನಲ್ಲಿ ಕಳೆದುಹೋದ ಒಂದು ತುಂಡನ್ನು ಮರಳಿ ಕಟ್ಟಲು ಉಳಿದವುಗಳಲ್ಲಿ ಎಂಟನ್ನು ಓದಬೇಕು, ಅಂದರೆ ನೆಟ್‌ವರ್ಕ್‌ನಲ್ಲಿ ಸುಮಾರು ಎಂಟು ಪಟ್ಟು ಸಂಚಾರ. ಅದೇ 3 ಗಿಗಾಬಿಟ್ ಮಿತಿಯಲ್ಲಿ ನಾಲ್ಕು ಗಂಟೆಯ ಕೆಲಸ ಸುಮಾರು 34 ಗಂಟೆಯಾಗುತ್ತದೆ. ಸರ್ವರ್‌ಗೆ 25 ಗಿಗಾಬಿಟ್‌ನ ಎರಡು ಲಿಂಕ್‌ಗಳಿದ್ದು ಅವುಗಳ ಶೇ. 30ರಷ್ಟನ್ನು, ಅಂದರೆ 15 ಗಿಗಾಬಿಟ್ಟನ್ನು, ಮರುಕಟ್ಟುವಿಕೆಗೆ ಕೊಟ್ಟರೆ ಮೂರು ಪ್ರತಿಗಳ ವ್ಯವಸ್ಥೆಯಲ್ಲಿ ಅದೇ ಕೆಲಸ ಐವತ್ತು ನಿಮಿಷಗಳ ಆಸುಪಾಸಿಗೆ ಇಳಿಯುತ್ತದೆ. ಲಿಂಕ್ ವೇಗವನ್ನು ನಾನು ನಿರ್ಧರಿಸುವುದು ಈ ಲೆಕ್ಕದಿಂದ. ದಿನನಿತ್ಯದ ಟ್ರಾಫಿಕ್ ಎಷ್ಟೆಂಬುದು ಆಮೇಲಿನ ಪ್ರಶ್ನೆ.

ಇನ್ನು ನೆಟ್‌ವರ್ಕ್‌ನ ಆಕಾರ. ನಿಮ್ಮ ಮಧ್ಯದ ಎರಡು ದೊಡ್ಡ ಸ್ವಿಚ್‌ಗಳಲ್ಲಿ ಒಂದು ಕೆಟ್ಟರೆ, ಅಥವಾ ಸಾಫ್ಟ್‌ವೇರ್ ನವೀಕರಣಕ್ಕೆಂದು ನೀವೇ ಅದನ್ನು ನಿಲ್ಲಿಸಿದರೂ, ಅರ್ಧ ಸಾಮರ್ಥ್ಯ ಹೋಗುತ್ತದೆ. ಬೆಳೆಯಬೇಕೆಂದರೆ ಅವೆರಡನ್ನೂ ಇನ್ನೂ ದೊಡ್ಡವುಗಳಿಗೆ ಬದಲಿಸಬೇಕು. ಟೆಲಿಫೋನ್ ಎಕ್ಸ್‌ಚೇಂಜ್‌ಗಳಲ್ಲಿ ಇದೇ ಸಮಸ್ಯೆಗೆ ಬೆಲ್ ಲ್ಯಾಬ್ಸ್‌ನ ಚಾರ್ಲ್ಸ್ ಕ್ಲೋ 1953ರಲ್ಲಿ ಉತ್ತರ ಕೊಟ್ಟಿದ್ದರು: ಸಣ್ಣ ಸ್ವಿಚ್‌ಗಳನ್ನು ಹಂತಗಳಲ್ಲಿ ಜೋಡಿಸಿ ದೊಡ್ಡ ಸ್ವಿಚ್ ಒಂದರ ಕೆಲಸ ಮಾಡಿಸುವುದು. ಇಂದಿನ ಲೀಫ್-ಸ್ಪೈನ್ ವಿನ್ಯಾಸ ಅದನ್ನೇ ಮಡಚಿ ಇಟ್ಟದ್ದು. ಪ್ರತಿ ರ‍್ಯಾಕ್‌ನ ಲೀಫ್ ಸ್ವಿಚ್ ಮಧ್ಯದಲ್ಲಿರುವ ಪ್ರತಿಯೊಂದು ಸ್ಪೈನ್ ಸ್ವಿಚ್‌ಗೂ ಜೋಡಿಸಿಕೊಂಡಿರುತ್ತದೆ. ಯಾವ ರ‍್ಯಾಕ್‌ನಿಂದ ಯಾವ ರ‍್ಯಾಕ್‌ಗೆ ಹೋದರೂ ಮಧ್ಯೆ ಒಂದೇ ಸ್ಪೈನ್ ಸಿಗುತ್ತದೆ, ಹಾಗಾಗಿ ಲೇಟೆನ್ಸಿ ಎಲ್ಲ ಕಡೆಯೂ ಒಂದೇ ಸಮನಾಗಿರುತ್ತದೆ.

ನಾಲ್ಕು ಪಟ್ಟು ಬೆಳೆದಾಗ ನಿಮ್ಮಲ್ಲಿ 560 ಸರ್ವರ್‌ಗಳಿರುತ್ತವೆ. ರ‍್ಯಾಕ್‌ಗೆ 35ರಂತೆ 16 ರ‍್ಯಾಕ್‌ಗಳು. ಪ್ರತಿ ರ‍್ಯಾಕ್‌ಗೂ ಎರಡು ಲೀಫ್ ಸ್ವಿಚ್‌ಗಳನ್ನಿಟ್ಟು, ಪ್ರತಿ ಸರ್ವರ್‌ನಿಂದ ಒಂದೊಂದಕ್ಕೆ 25 ಗಿಗಾಬಿಟ್‌ನ ಒಂದು ಲಿಂಕ್ ಕೊಡಿ. 25 ಗಿಗಾಬಿಟ್‌ನ 48 ಪೋರ್ಟ್‌ಗಳೂ 100 ಗಿಗಾಬಿಟ್‌ನ 8 ಪೋರ್ಟ್‌ಗಳೂ ಇರುವ ಲೀಫ್ ಸ್ವಿಚ್ ಇದಕ್ಕೆ ಸರಿಹೊಂದುತ್ತದೆ. ಕೆಳಗೆ 875 ಗಿಗಾಬಿಟ್. ಆರಂಭದಲ್ಲಿ ನಾಲ್ಕು ಸ್ಪೈನ್‌ಗಳಿಗೆ ತಲಾ ಒಂದು ಲಿಂಕ್ ಎಂದರೆ ಮೇಲೆ 400 ಗಿಗಾಬಿಟ್, ಅನುಪಾತ 2.2ಕ್ಕೆ 1. ಉಳಿದ ನಾಲ್ಕು ಪೋರ್ಟ್‌ಗಳನ್ನು ಖಾಲಿ ಬಿಡಿ. ಬೇಡಿಕೆ ಏರಿದಂತೆ ಐದನೆಯ, ಆರನೆಯ ಸ್ಪೈನ್ ಸೇರಿಸುತ್ತ ಎಂಟಕ್ಕೆ ಮುಟ್ಟಿದಾಗ ಅನುಪಾತ ಸುಮಾರು 1.1ಕ್ಕೆ 1 ಆಗುತ್ತದೆ. ಇದಕ್ಕಾಗಿ ಓಡುತ್ತಿರುವ ಯಾವ ಸ್ವಿಚ್ಚನ್ನೂ ಕಿತ್ತುಹಾಕಬೇಕಾಗಿಲ್ಲ. ಸ್ಪೈನ್ ಕೊಳ್ಳುವಾಗ ಮಾತ್ರ ಎಚ್ಚರ ಬೇಕು: 32 ಲೀಫ್‌ಗಳಿಗೆ 32 ಪೋರ್ಟ್‌ಗಳ ಸ್ಪೈನ್ ಲೆಕ್ಕಕ್ಕೆ ಸರಿಯಾಗಿ ಕೂರುತ್ತದೆ, ಆದರೆ ಹದಿನೇಳನೆಯ ರ‍್ಯಾಕ್ ಬಂದ ದಿನ ಜಾಗವಿರುವುದಿಲ್ಲ. ಸ್ಪೈನ್‌ನ ಪೋರ್ಟ್‌ಗಳ ಸಂಖ್ಯೆಯೇ ನಿಮ್ಮ ಬೆಳವಣಿಗೆಯ ಗಡಿ, ಆದ್ದರಿಂದ 64 ಪೋರ್ಟ್‌ಗಳದ್ದನ್ನೇ ಆರಿಸಿ. ನಾಲ್ಕು ಸ್ಪೈನ್‌ಗಳಲ್ಲಿ ಒಂದು ಹೋದರೆ ಕಾಲು ಭಾಗ ಹೋಗುತ್ತದೆ, ಎಂಟರಲ್ಲಿ ಒಂದು ಹೋದರೆ ಎಂಟನೆಯ ಒಂದು ಭಾಗ. ಹಗಲಿನಲ್ಲೇ ಒಂದು ಸ್ಪೈನನ್ನು ಬದಿಗಿಟ್ಟು ರಿಪೇರಿ ಮಾಡುವ ಧೈರ್ಯ ಬರುವುದು ಇದರಿಂದ.

ಸ್ಟೋರೇಜ್ ಸರ್ವರ್‌ಗಳಿಗೂ ಎರಡು 25 ಗಿಗಾಬಿಟ್ ಲಿಂಕ್‌ಗಳು ಸಾಕೇ ಎಂಬುದು ಡ್ರೈವ್‌ಗಳ ಮೇಲೆ ನಿಂತಿದೆ. ಸಾಟಾ ಎಸ್‌ಎಸ್‌ಡಿಗಳಾದರೆ ಸಾಕು ಎನ್ನುತ್ತೇನೆ. ಪಿಸಿಐ ಎಕ್ಸ್‌ಪ್ರೆಸ್‌ನ ನಾಲ್ಕನೆಯ ತಲೆಮಾರಿನ ಎನ್‌ವಿಎಂಇ ಡ್ರೈವ್ ಒಂದೇ ಸೆಕೆಂಡಿಗೆ ಸುಮಾರು 7 ಗಿಗಾಬೈಟ್ ಓದಬಲ್ಲದು, ಅಂದರೆ 56 ಗಿಗಾಬಿಟ್. ಒಂದು ಡ್ರೈವ್‌ಗೇ ಎರಡೂ ಲಿಂಕ್‌ಗಳು ಸಾಲುವುದಿಲ್ಲ. ಅಂಥ ಸರ್ವರ್‌ಗಳಿಗೆ 100 ಗಿಗಾಬಿಟ್ ಬೇಕು, ಆದರೆ ಅವುಗಳಿಂದ ಓದುವ ಸರ್ವರ್‌ಗಳು 25 ಗಿಗಾಬಿಟ್‌ಗೆ ಏರಿದ ಮೇಲೆ, ಮತ್ತು ದಟ್ಟಣೆಯ ಸೂಚನೆಯ ವ್ಯವಸ್ಥೆ ಜಾರಿಯಾದ ಮೇಲೆ.

ಲೀಫ್-ಸ್ಪೈನ್ ಹಾಕಿದವರು ಮರೆಯುವ ಒಂದು ವಿಷಯವಿದೆ, ಮತ್ತು ಸ್ಟೋರೇಜ್‌ನಲ್ಲಿ ಅದು ಬಹಳ ನೋಯಿಸುತ್ತದೆ. ನಾಲ್ಕು ಸಮಾನ ದಾರಿಗಳಿದ್ದಾಗ ಸ್ವಿಚ್ ಪ್ರತಿ ಸಂಪರ್ಕದ ವಿಳಾಸಗಳನ್ನೂ ಪೋರ್ಟ್ ಸಂಖ್ಯೆಗಳನ್ನೂ ಹ್ಯಾಶ್ ಮಾಡಿ, ಅಂದರೆ ಒಂದು ಸೂತ್ರಕ್ಕೆ ಹಾಕಿ ಬಂದ ಸಂಖ್ಯೆಯಿಂದ, ಒಂದು ದಾರಿಯನ್ನು ಆರಿಸುತ್ತದೆ. ಆ ಸಂಪರ್ಕ ಮುಗಿಯುವವರೆಗೂ ಅದೇ ದಾರಿ. ಸಾವಿರಾರು ಸಣ್ಣ ಸಂಪರ್ಕಗಳಿದ್ದರೆ ಹಂಚಿಕೆ ತಾನಾಗಿಯೇ ಸಮವಾಗುತ್ತದೆ. ಸ್ಟೋರೇಜ್ ಸಂಪರ್ಕಗಳು ಕೆಲವೇ ಇರುತ್ತವೆ, ದಪ್ಪಗಿರುತ್ತವೆ, ದಿನಗಟ್ಟಲೆ ಬದುಕುತ್ತವೆ. ನಾಲ್ಕು ದಪ್ಪ ಸಂಪರ್ಕಗಳು ನಾಲ್ಕು ಬೇರೆ ಬೇರೆ ದಾರಿಗಳಲ್ಲಿ ಕೂರುವ ಸಂಭವ ಶೇ. 9.4 ಮಾತ್ರ, ಉಳಿದೆಲ್ಲ ಬಾರಿಯೂ ಕನಿಷ್ಠ ಎರಡು ಒಂದೇ ಲಿಂಕ್‌ನಲ್ಲಿ ನೂಕಾಡುತ್ತವೆ, ಪಕ್ಕದ ಲಿಂಕ್ ಖಾಲಿಯಿರುತ್ತದೆ. ಪರಿಹಾರವೆಂದರೆ ಸಂಪರ್ಕಗಳ ಸಂಖ್ಯೆಯನ್ನು ಹೆಚ್ಚಿಸುವುದು. ಎನ್‌ವಿಎಂಇ ಡ್ರೈವ್‌ಗಳನ್ನು ನೆಟ್‌ವರ್ಕ್ ಮೂಲಕ ಬಳಸುವ ಎನ್‌ವಿಎಂಇ ಓವರ್ ಟಿಸಿಪಿಯಲ್ಲಿ ಪ್ರತಿ ಕ್ಯೂಗೂ (ಆಜ್ಞೆಗಳ ಸಾಲಿಗೂ) ಪ್ರತ್ಯೇಕ ಟಿಸಿಪಿ ಸಂಪರ್ಕ ಇರುವುದರಿಂದ ಇದು ಸಹಜವಾಗಿ ಒದಗುತ್ತದೆ. ಅದಕ್ಕಿಂತ ಹಳೆಯ ಸ್ಟೋರೇಜ್ ಪ್ರೊಟೊಕಾಲ್ ಆದ ಐಸ್ಕಸಿಯಲ್ಲಿ ಒಂದೇ ಗುರಿಗೆ ಹಲವು ಸೆಶನ್‌ಗಳನ್ನು ತೆರೆದು, ಒಂದೇ ಡಿಸ್ಕ್‌ಗೆ ಹಲವು ದಾರಿಗಳನ್ನು ಬಳಸುವ ಮಲ್ಟಿಪಾತ್ ಮೂಲಕ ಹಂಚಬೇಕು. ಮುಂದೆ ಸ್ವಿಚ್‌ಗಳ ಇನ್ನೊಂದು ಹಂತ ಸೇರಿದರೆ, ಎರಡೂ ಹಂತಗಳಲ್ಲಿ ಒಂದೇ ಹ್ಯಾಶ್ ಸೂತ್ರ ಉಳಿಯದಂತೆ ಅದರ ಆರಂಭಿಕ ಸಂಖ್ಯೆಗಳಾದ ಸೀಡ್‌ಗಳನ್ನು ಬದಲಿಸಿಡಿ.

ರ‍್ಯಾಕ್‌ಗಳ ನಡುವೆ ರೂಟಿಂಗ್ ಮಾತ್ರ ಇರಲಿ. ದೊಡ್ಡ ಡೇಟಾ ಸೆಂಟರ್‌ಗಳಲ್ಲಿ ಇಂಟರ್ನೆಟ್‌ನ ರೂಟಿಂಗ್ ಪ್ರೊಟೊಕಾಲ್ ಆದ ಬಿಜಿಪಿಯನ್ನು ಲೀಫ್‌ವರೆಗೂ ತರುವ ಪದ್ಧತಿಯನ್ನು 2016ರ ಆರ್‌ಎಫ್‌ಸಿ 7938 ಎಂಬ ಇಂಟರ್ನೆಟ್ ತಾಂತ್ರಿಕ ದಾಖಲೆ ಚೆನ್ನಾಗಿ ವಿವರಿಸುತ್ತದೆ, ನಿಮ್ಮ ಗಾತ್ರಕ್ಕೂ ಅದು ಹೊಂದುತ್ತದೆ. ರೂಟಿಂಗ್ ಇಲ್ಲದೆ ನೇರವಾಗಿ ಜೋಡಿಸಿದ ಒಂದೇ ಜಾಲವನ್ನು, ಅಂದರೆ ಒಂದೇ ವಿಎಲ್ಯಾನ್ ಅನ್ನು, ಹದಿನಾರು ರ‍್ಯಾಕ್‌ಗಳಿಗೂ ಎಳೆದರೆ ಎಲ್ಲೋ ಆದ ಒಂದು ಲೂಪ್ ಇಡೀ ಸ್ಟೋರೇಜನ್ನು ಕೆಡವಬಲ್ಲದು. ವರ್ಚುವಲ್ ಮಷೀನ್‌ಗಳಿಗೆ ಅಂಥ ವಿಸ್ತರಣೆ ಬೇಕಾದರೆ, ಆ ಜಾಲದ ಫ್ರೇಮ್‌ಗಳನ್ನು ಐಪಿ ಪ್ಯಾಕೆಟ್‌ಗಳೊಳಗೆ ಸುತ್ತಿ ಸಾಗಿಸುವ ವಿಎಕ್ಸ್‌ಲ್ಯಾನ್ ಬಳಸಿ, ಸ್ಟೋರೇಜ್ ಟ್ರಾಫಿಕ್ ಮಾತ್ರ ನೇರ ಐಪಿಯಲ್ಲೇ ಹೋಗಲಿ.

ಎಂಟಿಯು, ಅಂದರೆ ಒಂದು ಲಿಂಕ್ ಸಾಗಿಸಬಲ್ಲ ಅತಿ ದೊಡ್ಡ ಪ್ಯಾಕೆಟ್‌ನ ಗಾತ್ರದ ಬಗ್ಗೆ ನನ್ನದೇ ಒಂದು ಅನುಭವವನ್ನು ಹೇಳಬೇಕು. ನಾನು ನೋಡಿಕೊಳ್ಳುತ್ತಿದ್ದ ಕ್ಲಸ್ಟರ್ ಒಂದರಲ್ಲಿ ಹೊಸ ಸರ್ವರ್ ಸೇರಿಸಿದ ಮೇಲೆ ಎಲ್ಲವೂ ಸರಿಯಾಗಿರುವಂತೆ ಕಾಣುತ್ತಿತ್ತು: ಪಿಂಗ್ ಬರುತ್ತಿತ್ತು, ಲಾಗಿನ್ ಆಗುತ್ತಿತ್ತು, ಕ್ಲಸ್ಟರ್ ಅದನ್ನು ಆರೋಗ್ಯವಾಗಿದೆ ಎಂದು ತೋರಿಸುತ್ತಿತ್ತು. ಆದರೆ ದೊಡ್ಡ ರೈಟ್ ಅದರತ್ತ ಹೋದೊಡನೆ ನಿಂತುಬಿಡುತ್ತಿತ್ತು. ಎಲ್ಲೆಡೆ 9000 ಬೈಟ್‌ಗಳ ಜಂಬೊ ಫ್ರೇಮ್ ಇದ್ದು, ಆ ಒಂದು ಸ್ವಿಚ್ ಪೋರ್ಟ್‌ನಲ್ಲಿ ಮಾತ್ರ 1500 ಉಳಿದಿತ್ತು. ಸಣ್ಣ ಪ್ಯಾಕೆಟ್‌ಗಳು ಸಲೀಸಾಗಿ ದಾಟುತ್ತಿದ್ದವು, ದೊಡ್ಡವು ಸದ್ದಿಲ್ಲದೆ ಬೀಳುತ್ತಿದ್ದವು. ಅದನ್ನು ಪತ್ತೆಹಚ್ಚಲು ನನಗೆ ಒಂದು ರಾತ್ರಿ ಪೂರ್ತಿ ಬೇಕಾಯಿತು. ಅಂದಿನಿಂದ ಸ್ವಿಚ್‌ಗಳ ಎಲ್ಲ ಪೋರ್ಟ್‌ಗಳಲ್ಲೂ ಅವು ಬೆಂಬಲಿಸುವ ಗರಿಷ್ಠ ಎಂಟಿಯುವನ್ನೇ ಇಡುತ್ತೇನೆ, ಸರ್ವರ್‌ಗಳಲ್ಲಿ ಮಾತ್ರ 9000. ವಿಎಕ್ಸ್‌ಲ್ಯಾನ್ ಸೇರಿಸುವ 50 ಬೈಟ್‌ಗಳಿಗೂ ಆಗ ಜಾಗ ಉಳಿಯುತ್ತದೆ. ಹೊಸ ಸರ್ವರ್ ಸೇರುವ ಮುನ್ನ, ತುಂಡು ಮಾಡಬಾರದೆಂಬ ಗುರುತಿನೊಡನೆ 8972 ಬೈಟ್‌ಗಳ ಪಿಂಗ್ ಪ್ರತಿಯೊಂದು ದಾರಿಯಲ್ಲೂ ಹೋಗಿಬರಲೇಬೇಕು.

ಈಗ ನಿಮ್ಮ ಎರಡನೆಯ ಪ್ರಶ್ನೆ. ಫೈಬರ್ ಚಾನೆಲ್ ಉತ್ತಮವಾದ ತಂತ್ರಜ್ಞಾನ. ಅಲ್ಲಿ ಪಡೆಯುವವರು ಬಫರ್ ಖಾಲಿಯಿದೆ ಎಂದು ಕ್ರೆಡಿಟ್ ಕೊಟ್ಟ ಮೇಲಷ್ಟೇ ಕಳುಹಿಸುವವರು ಫ್ರೇಮ್ ಬಿಡುತ್ತಾರೆ, ಹಾಗಾಗಿ ದಟ್ಟಣೆಯಿಂದ ಏನೂ ಬೀಳುವುದಿಲ್ಲ. ಆದರೆ ಅದು ಸರ್ವರ್‌ಗೂ ಸ್ಟೋರೇಜ್ ಅರೇಗೂ ನಡುವಿನ ದಾರಿ. ನಿಮ್ಮದು ಸಾಮಾನ್ಯ ಸರ್ವರ್‌ಗಳೇ ಸೇರಿ ಕಟ್ಟಿದ ಕ್ಲಸ್ಟರ್. ಪ್ರತಿಗಳ ಟ್ರಾಫಿಕ್ ಹೇಗಿದ್ದರೂ ಐಪಿ ಮೇಲೆಯೇ ಸಾಗುತ್ತದೆ. ಎರಡನೆಯ ನೆಟ್‌ವರ್ಕ್ ಒಂದನ್ನು ಕೊಂಡು, ಅದನ್ನು ಬಲ್ಲವರನ್ನೂ ಇಟ್ಟುಕೊಂಡರೂ ನಿಮ್ಮ ತೊಂದರೆ ನಿವಾರಣೆಯಾಗುವುದಿಲ್ಲ. ಫೈಬರ್ ಚಾನೆಲ್ ಲೋಕದಿಂದ ನೀವು ತೆಗೆದುಕೊಳ್ಳಬೇಕಾದದ್ದು ಅದರ ಶಿಸ್ತನ್ನು. ಅಲ್ಲಿ ಎ ಮತ್ತು ಬಿ ಎಂಬ ಎರಡು ಫ್ಯಾಬ್ರಿಕ್‌ಗಳ (ಸ್ವಿಚ್‌ಗಳ ಜಾಲಗಳ) ನಡುವೆ ಒಂದು ಕೇಬಲ್ ಕೂಡ ಇರುವುದಿಲ್ಲ. ಒಂದರಲ್ಲಿ ಮಾಡಿದ ತಪ್ಪು ಇನ್ನೊಂದನ್ನು ಮುಟ್ಟುವುದಿಲ್ಲ. ನಿಮ್ಮಲ್ಲೂ ಪ್ರತಿ ಸರ್ವರ್‌ನ ಎರಡು ಲಿಂಕ್‌ಗಳು ಎರಡು ಬೇರೆ ಲೀಫ್‌ಗಳಿಗೆ, ಎರಡು ಬೇರೆ ಸಬ್‌ನೆಟ್‌ಗಳಲ್ಲಿ ಹೋಗಲಿ, ಎರಡರ ಬಳಕೆಯನ್ನು ಮಲ್ಟಿಪಾತ್ ಅಥವಾ ರೂಟಿಂಗ್ ನೋಡಿಕೊಳ್ಳಲಿ. ಎರಡೂ ಲೀಫ್‌ಗಳ ವಿದ್ಯುತ್ ಒಂದೇ ಕಡೆಯಿಂದ ಬರುತ್ತಿಲ್ಲವೇ ಎಂದೂ ಹೋಗಿ ಕಣ್ಣಾರೆ ನೋಡಿ.

ಆರ್‌ಡಿಎಂಎ ಬಗ್ಗೆ ನಾನು ತುಸು ನಿಂತು ಮಾತನಾಡಬೇಕು, ಏಕೆಂದರೆ ಅದರ ಆಕರ್ಷಣೆ ನಿಜವಾದದ್ದು. ಪ್ರೊಸೆಸರ್‌ನ ಮೇಲೆ ಭಾರ ಹಾಕದೆ ಒಂದು ಸರ್ವರ್‌ನ ಮೆಮೊರಿಯಿಂದ ಇನ್ನೊಂದರ ಮೆಮೊರಿಗೆ ಕೆಲವೇ ಮೈಕ್ರೊಸೆಕೆಂಡ್‌ಗಳಲ್ಲಿ ದತ್ತಾಂಶ ಸಾಗುತ್ತದೆ. ಈಥರ್‌ನೆಟ್ ಮೇಲೆ ಅದನ್ನು ಸಾಗಿಸುವ ರಾಕಿ ಎಂಬ ಪ್ರೊಟೊಕಾಲ್‌ನ ಎರಡನೆಯ ಆವೃತ್ತಿ, ಕಳೆದದ್ದನ್ನು ತಾನಾಗಿ ಮರುಕಳುಹಿಸದ ಯುಡಿಪಿಯಲ್ಲಿ ಓಡುತ್ತದೆ, ಮತ್ತು ಪ್ಯಾಕೆಟ್ ಬಿದ್ದರೆ ಅದರ ವೇಗ ಕುಸಿಯುತ್ತದೆ. ಹಾಗಾಗಿ ಪ್ಯಾಕೆಟ್ ಬೀಳದಂತೆ ಪಿಎಫ್‌ಸಿ ಎಂಬ ವ್ಯವಸ್ಥೆಯನ್ನು ಹಾಕುತ್ತಾರೆ: ಬಫರ್ ತುಂಬಿಬಂದಾಗ ಸ್ವಿಚ್ ತನ್ನ ಹಿಂದಿನವರಿಗೆ ನಿಲ್ಲಿ ಎಂದು ಹೇಳುತ್ತದೆ. ಆ ಮಾತು ತಲುಪುವಷ್ಟರಲ್ಲಿ ದಾರಿಯಲ್ಲಿರುವ ಬೈಟ್‌ಗಳಿಗೆ ಬಫರ್‌ನಲ್ಲಿ ಮೀಸಲು ಜಾಗ ಬೇಕು. 100 ಗಿಗಾಬಿಟ್‌ನ, 100 ಮೀಟರ್‌ನ ಕೇಬಲ್‌ನಲ್ಲಿ ಅದು ಹನ್ನೆರಡೂವರೆ ಕಿಲೋಬೈಟ್ ಮತ್ತು ಆ ಗಳಿಗೆಯಲ್ಲಿ ಹೊರಡುತ್ತಿರುವ ಕೆಲವು ದೊಡ್ಡ ಪ್ಯಾಕೆಟ್‌ಗಳು. 10 ಕಿಲೋಮೀಟರ್ ದೂರಕ್ಕಾದರೆ ಒಂದೊಂದು ಪೋರ್ಟ್‌ಗೂ ಒಂದೂಕಾಲು ಮೆಗಾಬೈಟ್. ಹಿಂದಿನ ಸ್ವಿಚ್ ನಿಂತರೆ ಅದರ ಹಿಂದಿನದ್ದೂ ನಿಲ್ಲಬೇಕಾಗುತ್ತದೆ, ತಪ್ಪೇ ಮಾಡದ ಟ್ರಾಫಿಕ್ ಕೂಡ ಅದರೊಡನೆ ನಿಲ್ಲುತ್ತದೆ. ಕೆಟ್ಟುಹೋದ ಒಂದೇ ಒಂದು ನೆಟ್‌ವರ್ಕ್ ಕಾರ್ಡ್ ನಿಲ್ಲಿ, ನಿಲ್ಲಿ ಎನ್ನುತ್ತಲೇ ಇದ್ದರೆ ಇಡೀ ನೆಟ್‌ವರ್ಕ್ ಸ್ತಬ್ಧವಾಗಬಹುದು ಎಂಬುದನ್ನು ಮೈಕ್ರೋಸಾಫ್ಟ್‌ನವರು 2016ರ ಪ್ರಬಂಧದಲ್ಲಿ ತಮ್ಮ ಅನುಭವದಿಂದಲೇ ಬರೆದಿದ್ದಾರೆ. ಅದೇ ಸಂಸ್ಥೆ 2023ರಲ್ಲಿ ತನ್ನ ಅಜೂರ್ ಕ್ಲೌಡ್‌ನ ಟ್ರಾಫಿಕ್‌ನಲ್ಲಿ ಸುಮಾರು ಶೇ. 70 ಆರ್‌ಡಿಎಂಎ ಆಗಿದೆ ಎಂದು ತಿಳಿಸಿತು. ಎರಡನ್ನೂ ಒಟ್ಟಿಗೆ ಓದಿಕೊಳ್ಳಿ: ಅದು ಸಾಧ್ಯ, ಆದರೆ ಅದಕ್ಕೆ ವರ್ಷಗಳ ದುಡಿಮೆ, ಪ್ರತಿ ಕಾರ್ಡ್‌ನ ಫರ್ಮ್‌ವೇರ್ ಮೇಲೆ ಹಿಡಿತ ಮತ್ತು ಅದಕ್ಕೆಂದೇ ಮೀಸಲಾದ ಎಂಜಿನಿಯರ್‌ಗಳ ತಂಡ ಬೇಕು.

ನಿಮಗೆ ನಾನು ಹೇಳುವುದು ಟಿಸಿಪಿ. 2018ರಲ್ಲಿ ಪ್ರಮಾಣಿತವಾದ ಎನ್‌ವಿಎಂಇ ಓವರ್ ಟಿಸಿಪಿ ಸಾಮಾನ್ಯ ಕಾರ್ಡ್‌ಗಳಲ್ಲಿ, ಸಾಮಾನ್ಯ ಸ್ವಿಚ್‌ಗಳಲ್ಲಿ ಓಡುತ್ತದೆ. ನಿಮ್ಮ ಕ್ಲಸ್ಟರ್ ಈಗ ಬಳಸುವ ಪ್ರೊಟೊಕಾಲ್ ಕೂಡ ಟಿಸಿಪಿಯೇ ಆಗಿದ್ದರೆ ಬದಲಾವಣೆಯೇ ಬೇಡ. ಸ್ವಿಚ್‌ಗಳಲ್ಲಿ ದಟ್ಟಣೆಯ ಸೂಚನೆ ಕೊಡುವ ಇಸಿಎನ್ ಚಾಲೂ ಮಾಡಿ, ಸರ್ವರ್‌ಗಳಲ್ಲಿ ಆ ಸೂಚನೆಗೆ ಸ್ಪಂದಿಸುವ ಟಿಸಿಪಿಯ ರೂಪವಾದ ಡಿಸಿಟಿಸಿಪಿ ಹಾಕಿ. ಬಫರ್‌ನಲ್ಲಿ ಸಾಲು ಬೆಳೆಯುತ್ತಿದ್ದಂತೆಯೇ ಸ್ವಿಚ್ ಪ್ಯಾಕೆಟ್‌ಗೆ ಗುರುತು ಹಾಕುತ್ತದೆ, ಕಳುಹಿಸುವವರು ಗುರುತು ಬಿದ್ದ ಪ್ರಮಾಣಕ್ಕೆ ತಕ್ಕಂತೆ ವೇಗ ತಗ್ಗಿಸುತ್ತಾರೆ, ಪ್ಯಾಕೆಟ್ ಬೀಳುವ ಸಂದರ್ಭವೇ ವಿರಳವಾಗುತ್ತದೆ. 2010ರಲ್ಲಿ ಪ್ರಕಟವಾದ ಈ ವಿಧಾನ 2017ರಲ್ಲಿ ಆರ್‌ಎಫ್‌ಸಿ 8257 ಆಗಿ ದಾಖಲಾಯಿತು. ಡಿಸಿಟಿಸಿಪಿಯನ್ನು ಸಾಮಾನ್ಯ ಟಿಸಿಪಿಯೊಡನೆ ಒಂದೇ ಕ್ಯೂನಲ್ಲಿ ಬೆರೆಸಬೇಡಿ, ಒಂದು ಇನ್ನೊಂದರ ಪಾಲನ್ನು ನುಂಗುತ್ತದೆ. ಸ್ಟೋರೇಜ್‌ಗೆ ಬೇರೆ ಕ್ಯೂ ಇರಲಿ.

ಕ್ಯೂಗಳ ಮಾತು ಬಂದದ್ದರಿಂದ, ನಿಮ್ಮ ಆ ಕೆಟ್ಟ ದಿನಕ್ಕೆ ಇನ್ನೊಂದು ಕಾರಣವೂ ಇದ್ದಿರಬಹುದು. ಸ್ಟೋರೇಜ್ ಸರ್ವರ್‌ಗಳು ಒಂದನ್ನೊಂದು ಬದುಕಿವೆಯೇ ಎಂದು ವಿಚಾರಿಸುವ ಹಾರ್ಟ್‌ಬೀಟ್ ಸಂದೇಶಗಳು ಮರುಕಟ್ಟುವಿಕೆಯ ಟ್ರಾಫಿಕ್‌ನ ಹಿಂದೆಯೇ ಸಾಲಿನಲ್ಲಿ ನಿಂತರೆ, ಬದುಕಿರುವ ಸರ್ವರನ್ನೇ ಸತ್ತಿದೆ ಎಂದು ಇತರರು ತೀರ್ಮಾನಿಸುತ್ತಾರೆ. ಆಗ ಅದರ ದತ್ತಾಂಶದ ಮರುಕಟ್ಟುವಿಕೆಯೂ ಶುರುವಾಗುತ್ತದೆ, ದಟ್ಟಣೆ ಹೆಚ್ಚುತ್ತದೆ, ಮತ್ತೊಂದು ಸರ್ವರ್ ಸತ್ತಂತೆ ಕಾಣುತ್ತದೆ. ಇಂಥ ಕ್ಲಸ್ಟರ್‌ಗಳನ್ನು ಕಟ್ಟುವ ಸೆಫ್ ಎಂಬ ತಂತ್ರಾಂಶದಲ್ಲಿ ಉತ್ತರ ಬಾರದ ಡ್ರೈವ್ ಪ್ರಕ್ರಿಯೆಗೆ ಪೂರ್ವನಿಯೋಜಿತವಾಗಿ 20 ಸೆಕೆಂಡ್ ಕಾಲಾವಕಾಶವಿದೆ, ಕೆಳಗಿಳಿದದ್ದನ್ನು ಹೊರಗಿಟ್ಟು ಮರುಕಟ್ಟುವಿಕೆ ಆರಂಭಿಸಲು 600 ಸೆಕೆಂಡ್. ನಿಮ್ಮ ಕ್ಲಸ್ಟರ್ ಯಾವುದೇ ಇರಲಿ, ಆ ದಿನದ ಲಾಗ್‌ಗಳಲ್ಲಿ ನಿಜವಾಗಿ ಕೆಟ್ಟ ಸರ್ವರ್‌ನ ಜೊತೆಗೆ ಬೇರೆಯವೂ ಕೆಳಗಿಳಿದು ಮತ್ತೆ ಮೇಲೆದ್ದಿವೆಯೇ ನೋಡಿ. ಹಾರ್ಟ್‌ಬೀಟ್‌ಗೆ ಎಲ್ಲಕ್ಕಿಂತ ಮೇಲಿನ ಆದ್ಯತೆ ಕೊಡಿ, ಅದರ ಪ್ರಮಾಣ ಅತ್ಯಲ್ಪ. ನಂತರ ಬಳಕೆದಾರರ ರೀಡ್, ರೈಟ್‌ಗಳು. ಮರುಕಟ್ಟುವಿಕೆಗೆ ಕೊನೆಯ ಸ್ಥಾನ, ಆದರೆ ಹಸಿವಿನಿಂದ ಸಾಯದಂತೆ ಶೇ. 30ರ ಖಾತರಿ. ಪ್ರತಿಗಳ ಟ್ರಾಫಿಕ್‌ಗೆ ಪ್ರತ್ಯೇಕ ಸ್ವಿಚ್‌ಗಳನ್ನೇ ಹಾಕುವವರಿದ್ದಾರೆ. ಅದಕ್ಕಿಂತ ಇದೇ ಹಣದಲ್ಲಿ ಒಂದೇ ಅಗಲವಾದ ಫ್ಯಾಬ್ರಿಕ್ ಕಟ್ಟಿ ಕ್ಯೂಗಳಿಂದ ವಿಂಗಡಿಸುವುದನ್ನು ನಾನು ಮೆಚ್ಚುತ್ತೇನೆ, ಏಕೆಂದರೆ ಪ್ರತಿಗಳ ನೆಟ್‌ವರ್ಕ್ ಮಾತ್ರ ಕೆಟ್ಟು ಬಳಕೆದಾರರದ್ದು ಚೆನ್ನಾಗಿರುವ ಅರೆಜೀವ ಸ್ಥಿತಿ ಪೂರ್ತಿ ಕೆಟ್ಟದ್ದಕ್ಕಿಂತಲೂ ಹೆಚ್ಚು ಗೊಂದಲ ತರುತ್ತದೆ.

ಮುಂದೊಂದು ದಿನ ಎರಡನೆಯ ಡೇಟಾ ಸೆಂಟರ್‌ನಲ್ಲಿ ಮೂರನೆಯ ಪ್ರತಿ ಇಡುವ ಆಲೋಚನೆ ಬಂದರೆ, ಫೈಬರ್‌ನಲ್ಲಿ ಬೆಳಕು ಒಂದು ಕಿಲೋಮೀಟರ್‌ಗೆ ಸುಮಾರು 5 ಮೈಕ್ರೊಸೆಕೆಂಡ್ ತೆಗೆದುಕೊಳ್ಳುತ್ತದೆ ಎಂಬುದನ್ನು ನೆನಪಿಡಿ. 100 ಕಿಲೋಮೀಟರ್ ದೂರವಾದರೆ ಪ್ರತಿ ರೈಟ್‌ಗೂ ಒಂದು ಮಿಲಿಸೆಕೆಂಡ್ ಸೇರುತ್ತದೆ, ಯಾವ ಸ್ವಿಚ್ ಕೊಂಡರೂ ಅದು ಕಡಿಮೆಯಾಗುವುದಿಲ್ಲ.

ಕೆಲಸದ ಕ್ರಮ ಹೀಗಿರಲಿ. ಈ ವಾರವೇ ಬಿದ್ದ ಪ್ಯಾಕೆಟ್‌ಗಳನ್ನೂ ಮರುಕಳುಹಿಸಿದವನ್ನೂ ಸೆಕೆಂಡಿಗೊಮ್ಮೆ ಅಳೆಯಲು ಆರಂಭಿಸಿ; ಈಗಿನ ಸ್ವಿಚ್‌ಗಳು ಬೆಂಬಲಿಸುವುದಾದರೆ ಇಸಿಎನ್, ಹಾರ್ಟ್‌ಬೀಟ್‌ನ ಆದ್ಯತೆ ಮತ್ತು ಮರುಕಟ್ಟುವಿಕೆಯ ಮಿತಿಗಳನ್ನು ಖರ್ಚಿಲ್ಲದೆಯೇ ಹಾಕಬಹುದು. ಆಮೇಲೆ ನಾಲ್ಕು ಸ್ಪೈನ್‌ಗಳು ಮತ್ತು ಈಗಿನ ನಾಲ್ಕು ರ‍್ಯಾಕ್‌ಗಳ ಲೀಫ್‌ಗಳು. ಹೊಸ ಸರ್ವರ್‌ಗಳೆಲ್ಲ 25 ಗಿಗಾಬಿಟ್‌ನಲ್ಲೇ ಬರಲಿ, ಹಳೆಯವುಗಳ ಕಾರ್ಡ್‌ಗಳನ್ನು ರ‍್ಯಾಕ್ ರ‍್ಯಾಕ್ ಆಗಿ ಬದಲಿಸಿ. ಹೊಸ ನೆಟ್‌ವರ್ಕ್‌ಗೆ ನಿಜವಾದ ಬಳಕೆದಾರರನ್ನು ತರುವ ಮುನ್ನ, ಪೂರ್ತಿ ಹೊರೆ ಹಾಕಿದ ಸ್ಥಿತಿಯಲ್ಲಿ ಒಂದು ಸ್ಪೈನ್‌ನ ವಿದ್ಯುತ್ ಕೀಳಿ, ಅದು ಕೆಳಗಿರುವಾಗಲೇ ಒಂದು ಸ್ಟೋರೇಜ್ ಸರ್ವರನ್ನೂ ನಿಲ್ಲಿಸಿ. ಮರುಕಟ್ಟುವಿಕೆ ನಡೆಯುತ್ತಿರುವ ಆ ಗಂಟೆಯಲ್ಲಿ ಸಾವಿರ ರೈಟ್‌ಗಳಲ್ಲಿ ಅತಿ ನಿಧಾನವಾದದ್ದು ಎಷ್ಟು ಮಿಲಿಸೆಕೆಂಡ್ ತೆಗೆದುಕೊಂಡಿತು ಎಂದು ಬರೆದಿಟ್ಟುಕೊಳ್ಳಿ. ಅದು 200ಕ್ಕಿಂತ ಮೇಲಿದ್ದರೆ ಎಲ್ಲೋ ಇನ್ನೂ ಪ್ಯಾಕೆಟ್ ಬೀಳುತ್ತಿದೆ ಎಂದು ಅನುಮಾನಿಸಿ, ಯಾವ ಪೋರ್ಟ್ ಎಂದು ಕೌಂಟರ್‌ಗಳಲ್ಲಿ ಹುಡುಕಿ.